ಕಲ್ಲು ಕರಗುವ ಬಗೆ: ಮಂಡ್ಯ ಸೀಮೆಯ ಟಿಪ್ಪಣಿಗಳು

ಬಸರಾಳು. ಮಲ್ಲಿಕಾರ್ಜುನ ದೇವಸ್ಥಾನವನ್ನು ಹರಿಹರ ದಣ್ಣಾಯಕ ಕಟ್ಟಿಸಿದ್ದು 1234ರಲ್ಲಿ. ಗೋಡೆಗೆ ಬಳಸಿದ್ದು ಬಳಪದ ಕಲ್ಲು. ಚಾಕುವಿನ ತುದಿಯಿಂದ ಸಲೀಸಾಗಿ ಗೀರಬಹುದಾದಷ್ಟು ಮೆದು. ಆದರೂ ಎಂಟು ಶತಮಾನದ ಮಳೆ ಬಿಸಿಲು ಕಂಡ ಆನೆಸಾಲು ಇನ್ನೂ ಬಿಡಿಬಿಡಿಯಾಗಿ ಕಾಣುತ್ತದೆ. ಉಳಿಯ ಬಾಯನ್ನೇ ಮೊಂಡು ಮಾಡುವ ನಮ್ಮ ಬೆಟ್ಟದ ಕಲ್ಲು ಮಾತ್ರ ಹೊಲಗಳಲ್ಲಿ ಪುಡಿಯಾಗಿ ಕೆಮ್ಮಣ್ಣಾಗಿದೆ. ಗಟ್ಟಿಯದು ಮಣ್ಣಾಯಿತು, ಮೆದುವಾದದ್ದು ಉಳಿಯಿತು. ಹೇಗೆ?

ಮಳವಳ್ಳಿ ಕಡೆಯ ಒಂದು ಹೊಲ. ಹಳೆ ಬಾವಿಯನ್ನು ಆಳ ಮಾಡುತ್ತಿದ್ದರು. ಮೇಲೆ ಕೆಮ್ಮಣ್ಣು, ಕೆಳಗೆ ಗರಸು, ಅದಕ್ಕೂ ಕೆಳಗೆ ಕಲ್ಲಿನ ರೂಪವನ್ನು ಹಾಗೇ ಉಳಿಸಿಕೊಂಡ ಮಣ್ಣು. ನೈಸ್ ಶಿಲೆಯ ಕಪ್ಪು ಬಿಳಿ ಪಟ್ಟೆಗಳು ಒಂದೂ ಕದಲಿಲ್ಲ, ಆದರೆ ಮುಷ್ಟಿಯಲ್ಲಿ ಹಿಸುಕಿದರೆ ಉದುರುತ್ತದೆ. ಸುತ್ತಿಗೆಯಿಂದ ತಟ್ಟಿ ಸದ್ದು ಕೇಳಿಸಿಕೊಂಡ ಕೆಲಸದವರು ಹೇಳಿದರು: "ಇದ್ರಲ್ಲಿ ಜೀವ ಇಲ್ಲ ಕಣಣ್ಣ. ಜೀವ ಇರೋ ಕಲ್ಲು ಇನ್ನೂ ಕೆಳಗದೆ."

ಉದುರಿದ ಪುಡಿಯನ್ನು ಅಂಗೈಗೆ ಹಾಕಿಕೊಂಡು ಬಿಸಿಲಿಗೆ ಹಿಡಿದೆ. ಮೂರು ಬಗೆಯ ಕಣಗಳು. ಕಪ್ಪು ಅಭ್ರಕ ಹೊನ್ನಿನ ಬಣ್ಣಕ್ಕೆ ತಿರುಗಿ ಹಾಳೆ ಹಾಳೆಯಾಗಿ ಉಬ್ಬಿದೆ; ಹುಡುಗರು ಕಾಗೆ ಬಂಗಾರ ಎಂದು ಆಯ್ದುಕೊಳ್ಳುವುದು ಇದನ್ನೇ. ಫೆಲ್ಡ್‌ಸ್ಪಾರ್ ಇದ್ದ ಜಾಗದಲ್ಲಿ ಬೆರಳಿಗೆ ಅಂಟುವ ಬಿಳಿ ಜೇಡಿ. ಬೆಣಚಿನ ಕಣಗಳಿಗೆ ಏನೂ ಆಗಿಲ್ಲ, ಅಂಚು ಸಹ ಚೂಪಾಗಿಯೇ ಇದೆ. ಒಂದೇ ಕಲ್ಲು, ಒಂದೇ ಬಾವಿ, ಮೂರು ಗತಿ. ಯಾವ ಖನಿಜ ಮೊದಲು ಸೋಲುತ್ತದೆ, ಯಾವುದು ಕೊನೆಗೆ ಎಂಬ ಕ್ರಮವನ್ನು ಅಮೆರಿಕದ ಗೋಲ್ಡಿಚ್ 1938ರಲ್ಲೇ ಬರೆದಿಟ್ಟಿದ್ದಾರೆ. ಭೂಮಿಯ ಆಳದಲ್ಲಿ ಹೆಚ್ಚು ಕಾವಿನಲ್ಲಿ ಹುಟ್ಟಿದ ಖನಿಜ ಮೇಲೆ ಬಂದಾಗ ಬೇಗ ಕೆಡುತ್ತದೆ, ಬೆಣಚು ಕೊನೆಯವರೆಗೂ ನಿಲ್ಲುತ್ತದೆ. ಮೊದಲ ಏಟು ಬೀಳುವುದು ಅಭ್ರಕಕ್ಕೆ. ಅದರೊಳಗಿನ ಕಬ್ಬಿಣ ತುಕ್ಕು ಹಿಡಿಯುತ್ತದೆ, ಹಾಳೆಗಳು ಉಬ್ಬುತ್ತವೆ, ಸುತ್ತಲಿನ ಕಲ್ಲಿನಲ್ಲಿ ಕಣ್ಣಿಗೆ ಕಾಣದ ಬಿರುಕು ಬಿಡುತ್ತದೆ. ಆಮೇಲೆ ನೀರಿಗೆ ದಾರಿ ಸಿಗುತ್ತದೆ.

ಬಸರಾಳಿನ ಗೋಡೆಯ ಪ್ರಶ್ನೆ ಇಲ್ಲಿಗೆ ಸ್ವಲ್ಪ ಬಿಡಿಸಿಕೊಳ್ಳುತ್ತದೆ. ಬಳಪದ ಕಲ್ಲಿನಲ್ಲಿ ರಂಧ್ರಗಳು ತೀರ ಕಡಿಮೆ, ನೀರು ಒಳಹೊಗುವುದಿಲ್ಲ. ಅದರ ಖನಿಜಗಳು ನೀರಿನ ಅಂಶವನ್ನು ಮೊದಲೇ ತಮ್ಮೊಳಗೆ ಸೇರಿಸಿಕೊಂಡಿವೆ. ಉಳಿಗೆ ಬಗ್ಗುವುದು ಬೇರೆ, ಮಳೆಗೆ ಬಗ್ಗುವುದು ಬೇರೆ. ನಾವು ಎರಡನ್ನೂ ಗಟ್ಟಿತನ ಎನ್ನುತ್ತೇವೆ.

ಬಾವಿಯಿಂದ ತಲೆ ಎತ್ತಿದರೆ ಎದುರಿಗೆ ಬೋಳು ಬಂಡೆಯ ಗುಡ್ಡ. ಕಲ್ಲು ಅದೇ ಜಾತಿಯದು, ವಯಸ್ಸೂ ಅದೇ, ಮುನ್ನೂರು ಕೋಟಿ ವರ್ಷದ ಆಸುಪಾಸು. ಸುರಿಯುವ ಮಳೆಯೂ ಒಂದೇ, ವರ್ಷಕ್ಕೆ 700 ಮಿ.ಮೀ. ಹೆಚ್ಚುಕಡಿಮೆ. ಗುಡ್ಡ ಮಾತ್ರ ನಿಂತಿದೆ. ಬಂಡೆಯ ಮೇಲೆ ಬಿದ್ದ ಮಳೆ ಕೆಲವೇ ನಿಮಿಷದಲ್ಲಿ ಜಾರಿಹೋಗುತ್ತದೆ, ಪಾಚಿಯ ಕಪ್ಪು ಗೆರೆಗಳು ಅದು ಇಳಿದ ದಾರಿ ತೋರಿಸುತ್ತವೆ. ಮಣ್ಣಿನಡಿಯ ಕಲ್ಲಿಗೆ ಆ ಭಾಗ್ಯವಿಲ್ಲ. ಅಲ್ಲಿ ತೇವ ತಿಂಗಳುಗಟ್ಟಲೆ ಕೂರುತ್ತದೆ. ಬೇರುಗಳು ಉಸಿರಾಡಿ ಬಿಟ್ಟ ಇಂಗಾಲದ ಡೈಆಕ್ಸೈಡ್ ಮಣ್ಣಿನ ಗಾಳಿಯಲ್ಲಿ ಹೊರಗಿನದಕ್ಕಿಂತ ಹತ್ತಾರು ಪಟ್ಟು ಹೆಚ್ಚಿರುತ್ತದೆ, ನೀರಿಗೆ ಬೆರೆತು ಅದನ್ನು ಹುಳಿ ಮಾಡುತ್ತದೆ. ಒಮ್ಮೆ ಬೋಳಾದ ಬಂಡೆ ಬೋಳಾಗಿಯೇ ಉಳಿಯುತ್ತದೆ, ಮಣ್ಣು ಮುಚ್ಚಿದ ಬಂಡೆ ಇನ್ನಷ್ಟು ಮಣ್ಣಾಗುತ್ತದೆ. ಮದ್ದೂರು ದಾಟಿ ಚನ್ನಪಟ್ಟಣ, ರಾಮನಗರದ ಕಡೆ ಹೋದರೆ ಅಲ್ಲಿನ ಗ್ರಾನೈಟ್ ಬೆಟ್ಟಗಳಲ್ಲೂ ಇದೇ ಕಥೆ. ಸೀಳುಗಳು ದೂರದೂರ ಇದ್ದ ಕಡೆ ಬೆಟ್ಟ, ಒತ್ತೊತ್ತಾಗಿ ಇದ್ದ ಕಡೆ ತಗ್ಗು. ನಾಲ್ಕೂ ಕಡೆ ಸೀಳಿದ್ದರೆ ಮೂಲೆಗಳು ಮೊದಲು ಕರಗಿ ಗುಂಡುಕಲ್ಲು ಉಳಿಯುತ್ತದೆ, ಸುತ್ತ ಈರುಳ್ಳಿಯ ಹಾಗೆ ಪದರ ಬಿಡುತ್ತದೆ.

ಬಂಡೀಪುರ ಕಾಡಿನ ಮೂಲೆಹೊಳೆಯಲ್ಲಿ ನಮ್ಮ ವಿಜ್ಞಾನಿಗಳೂ ಫ್ರಾನ್ಸಿನವರೂ ಸೇರಿ ಮಣ್ಣಿನಡಿ ಕಲ್ಲು ಕೊಳೆಯುವುದನ್ನೇ ಅಳೆದಿದ್ದಾರೆ. ನೈಸ್ ಶಿಲೆಯ ಪುಟ್ಟ ಜಲಾನಯನ ಅದು. ಎರಡು ಮೀಟರ್ ಮಣ್ಣು, ಅದರಡಿ ಸರಾಸರಿ ಹದಿನೈದು ಮೀಟರ್ ಕೊಳೆತ ಕಲ್ಲು. ಮರದ ಬೇರಿನ ಬುಡದಲ್ಲಿ ಇಷ್ಟೊಂದು ಕೆಲಸ ಸದ್ದಿಲ್ಲದೆ ನಡೆದಿದೆ ಎಂಬುದು ನನಗೆ ಇಂದಿಗೂ ಬೆರಗು.

ಹಾಗಾದರೆ ಗಗನಚುಕ್ಕಿ ಜಲಪಾತ? ಕಾವೇರಿ ಹಗಲಿರುಳು ಬಡಿಯುವ ಬಂಡೆ, ಆದರೂ ಇಡೀ ಮಳವಳ್ಳಿ ತಾಲ್ಲೂಕಿನಲ್ಲಿ ಇಷ್ಟು ಜೀವಂತ ಕಲ್ಲು ಬೇರೆಲ್ಲೂ ನೋಡಿಲ್ಲ. ಸುತ್ತಿಗೆ ಮುಟ್ಟಿಸಿದರೆ ಖಣ್ಣೆನ್ನುತ್ತದೆ. ಹೊಳೆ ಕೊಳೆತದ್ದನ್ನು ನಿಲ್ಲಗೊಡುವುದಿಲ್ಲ, ಸಡಿಲಾದ ಕೂಡಲೇ ಕೊಚ್ಚಿ ಒಯ್ಯುತ್ತದೆ. ಉಳಿದದ್ದು ಗಟ್ಟಿ ಕಲ್ಲಷ್ಟೇ. ಸವೆಯುವುದೂ ಕೊಳೆಯುವುದೂ ಒಂದೇ ಅಲ್ಲ.

ಮದ್ದೂರಿನ ಹತ್ತಿರ ಗದ್ದೆ ಬದುವಿನ ಮೇಲೆ ಬೇಲಿಯ ಕಲ್ಲುಕಂಬ. ಎದೆಯೆತ್ತರದಲ್ಲಿ ಉಳಿಯ ಗುರುತುಗಳು ಹೊಸದಾಗಿವೆ. ಮೊಣಕಾಲಿನ ಕೆಳಗೆ ಮಾತ್ರ ಸಿಪ್ಪೆ ಸಿಪ್ಪೆ ಏಳುತ್ತಿದೆ, ಒಂದು ಚೂರು ಕಿತ್ತರೆ ಒಳಗೆ ಬಿಳಿ ಪುಡಿ. ನಾಲಿಗೆಗೆ ತಾಗಿಸಿದೆ: ಚೌಳು. ನೆಲದ ಉಪ್ಪುನೀರು ಕಲ್ಲಿನೊಳಗೆ ಏರಿ, ಬಿಸಿಲಿಗೆ ಒಣಗಿ, ಉಪ್ಪು ಹರಳುಗಟ್ಟಿ ಕಣಗಳನ್ನು ಒತ್ತಿ ಬಿಡಿಸುತ್ತದೆ. ನೆನೆದು ಒಣಗುವ ಆ ಗೇಣುದ್ದವೇ ಎಲ್ಲಕ್ಕಿಂತ ಮೊದಲು ಹೋಗುವುದು.

ಈಗ ನನ್ನನ್ನು ಕಾಡುತ್ತಿರುವುದು ನಾಲೆ. ಕನ್ನಂಬಾಡಿ ಅಣೆಕಟ್ಟೆಯ ಕೆಲಸ ಶುರುವಾದದ್ದು 1911ರಲ್ಲಿ. ಆಗ ಇರ್ವಿನ್ ನಾಲೆ ಎನಿಸಿಕೊಂಡಿದ್ದ ವಿಶ್ವೇಶ್ವರಯ್ಯ ನಾಲೆ ಬಂದ ಮೇಲೆ ಮಂಡ್ಯ, ಮದ್ದೂರು, ಮಳವಳ್ಳಿಯ ನೆಲ ಮಳೆಯಿಂದ ಎಂದೂ ಕಾಣದಷ್ಟು ನೀರು ಕುಡಿಯಿತು. ಭತ್ತ, ಕಬ್ಬು, ವರ್ಷವಿಡೀ ಬೇರಿನ ಉಸಿರು, ಮೇಲೆ ಯೂರಿಯಾ. ಅದೂ ಮಣ್ಣಿನಲ್ಲಿ ಹುಳಿ ಹುಟ್ಟಿಸುತ್ತದೆ. ಕೆಳಗಿನ ಕಲ್ಲು ಬೇಗ ಕೊಳೆಯಬೇಕು. ಆದರೆ ನಿಂತ ನೀರು ಕಲ್ಲಿನಿಂದ ಕರಗಿ ಬಂದದ್ದರಿಂದಲೇ ತುಂಬಿಹೋದರೆ ಮುಂದೆ ಕರಗಿಸಲಾರದು. ಬಸಿದು ಹೋಗಿ ಹೊಸ ನೀರು ಬಂದರೆ ಮಾತ್ರ ಕೆಲಸ ಸಾಗುತ್ತದೆ. ಬಸಿಯುವ ಎತ್ತರದ ಹೊಲದಲ್ಲಿ ಬೇಗವೋ, ಚೌಳು ಹತ್ತಿದ ತಗ್ಗಿನ ಗದ್ದೆಯಲ್ಲಿ ಬೇಗವೋ? ನಾಲೆಯ ಮೇಲಿನ ಬಾವಿ, ಕೆಳಗಿನ ಬಾವಿ ಎರಡರಲ್ಲೂ ಸುತ್ತಿಗೆಗೆ ಖಣ್ಣೆನ್ನುವ ಕಲ್ಲು ಎಷ್ಟು ಆಳಕ್ಕೆ ಸಿಗುತ್ತದೆಂದು ಬಾವಿ ತೋಡುವವರನ್ನು ಕೇಳಬೇಕು. ನೂರು ವರ್ಷದಲ್ಲಿ ಕಾಣುವಷ್ಟು ವ್ಯತ್ಯಾಸ ಆಗಿರಲಾರದು. ನೀರಿನ ರುಚಿಯಲ್ಲಾದರೂ ಕಂಡೀತು.