ಬನದ ಹುಣ್ಣಿಮೆಗೆ ಬೀಗರು ಬಂದಾಗ

ಬಾಗಲಕೋಟೆಯ ರೈಲು ನಿಲ್ದಾಣದಲ್ಲಿ ಗಾಡಿಯಿಂದಿಳಿದು, ಗಂಟುಮೂಟೆಗಳನ್ನು ಎಣಿಸಿಕೊಂಡು ಹೊರಗೆ ಬಂದ ಅತಿಥಿಯನ್ನು ರಿಕ್ಷಾದವನು ಮೊದಲು ಕೇಳುವ ಪ್ರಶ್ನೆ ಒಂದೇ: “ಸೆಕ್ಟರ್ ಎಷ್ಟರಿ?”

ಯಾರ ಮನೆ, ಯಾವ ಓಣಿ, ಯಾವ ಗುಡಿಯ ಹಿಂದೆ ಎಂದು ವಿಚಾರಿಸುವ ವಾಡಿಕೆ ನವನಗರದಲ್ಲಿ ಕಡಿಮೆ. ಬೆಂಗಳೂರಿನಿಂದಲೋ ಸೊಲ್ಲಾಪುರದಿಂದಲೋ ಬಂದ ಹಿರಿಯರು ಈ ಪ್ರಶ್ನೆಗೆ ಸಿದ್ಧರಾಗಿರುವುದಿಲ್ಲ. ಅವರು ಮನೆತನದ ಹೆಸರು ಹೇಳುತ್ತಾರೆ. ಅಜ್ಜನ ಅಂಗಡಿಯ ಗುರುತು ಹೇಳುತ್ತಾರೆ. ಆ ಅಂಗಡಿಯಿದ್ದ ಬೀದಿ ನೀರಿನಡಿ ಸೇರಿ ಎಷ್ಟೋ ವರ್ಷಗಳಾದವೆಂಬುದು ಆಮೇಲೆ ನೆನಪಾಗುತ್ತದೆ. ಕೊನೆಗೆ ಯಾರಿಗೋ ಫೋನು ಮಾಡಿ ಅಂಕಿಯನ್ನು ತಿಳಿದುಕೊಂಡ ಮೇಲೆಯೇ ರಿಕ್ಷಾ ಮುಂದೆ ಸಾಗುತ್ತದೆ.

ನವನಗರವೆಂದರೆ ಹೊಸ ಬಾಗಲಕೋಟೆ. ಘಟಪ್ರಭೆಯ ದಂಡೆಯ ಹಳೆಯ ಊರು ಆಲಮಟ್ಟಿ ಜಲಾಶಯದ ಹಿನ್ನೀರಿಗೆ ಸಿಲುಕುವುದೆಂದು ನಿಶ್ಚಯವಾದ ಮೇಲೆ, ಎತ್ತರದ ನೆಲವನ್ನು ಆರಿಸಿ, ಗೆರೆ ಎಳೆದು ಕಟ್ಟಿದ ಪಟ್ಟಣ. ಆಲಮಟ್ಟಿಯಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಇಟ್ಟದ್ದು 1964ರಲ್ಲಿ. ಅಣೆಕಟ್ಟು ಪೂರ್ಣಗೊಂಡದ್ದು 2005ರಲ್ಲಿ. ನಡುವಿನ ನಾಲ್ಕು ದಶಕಗಳಲ್ಲಿ ಒಂದು ಊರು ತನ್ನ ತೊಲೆ, ಕಂಬ, ಬಾಗಿಲು, ಒರಳುಗಳನ್ನು ಹೊತ್ತುಕೊಂಡು ಗುಡ್ಡ ಏರಿತು. ಹೊಸ ಊರಿನ ಯೋಜನೆಯಲ್ಲಿ ಪ್ರಸಿದ್ಧ ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ಅವರ ಕೈಯಿತ್ತು. 1997ರಲ್ಲಿ ವಿಜಾಪುರದಿಂದ ಬೇರ್ಪಟ್ಟು ಬಾಗಲಕೋಟೆ ಜಿಲ್ಲೆಯಾದಾಗ ಕಚೇರಿಗಳೂ ಅಧಿಕಾರಿಗಳೂ ಇಲ್ಲಿಗೇ ಬಂದರು. ಅಗಲವಾದ ರಸ್ತೆ, ನೆಟ್ಟಗಿನ ತಿರುವು, ಸಾಲಾಗಿ ಗಿಡಮರ, ಎಲ್ಲವೂ ಇವೆ. ಆದರೆ ಊರೆಂಬುದು ಊರಾಗುವುದು ಬೀಗರು ಬಂದು ಉಳಿದಾಗಲೇ ಎಂದು ಇಲ್ಲಿನ ಹಿರಿಯ ಹೆಣ್ಣುಮಕ್ಕಳು ನಂಬಿದ್ದಾರೆ. ಈ ಸೀಮೆಯಲ್ಲಿ ಬೀಗರೆಂದರೆ ಮಗಳನ್ನು ಕೊಟ್ಟು ತಂದವರಷ್ಟೇ ಅಲ್ಲ. ಹಬ್ಬಕ್ಕೆ ಚೀಲ ಹಿಡಿದು ಬಾಗಿಲಿಗೆ ಬಂದ ನೆಂಟರೆಲ್ಲರೂ ಬೀಗರೇ.

ಅವರು ಹೆಚ್ಚಾಗಿ ಬರುವುದು ಪುಷ್ಯ ಮಾಸದಲ್ಲಿ. ಬಾದಾಮಿಯಿಂದ ಐದು ಕಿಲೋಮೀಟರಿನಷ್ಟು ದೂರದ ಬನಶಂಕರಿಯಲ್ಲಿ ಬನದ ಹುಣ್ಣಿಮೆಯ ದಿನ ತೇರು ಎಳೆಯುತ್ತಾರೆ. ಕರ್ನಾಟಕದಲ್ಲಿಯೂ ಮಹಾರಾಷ್ಟ್ರದಲ್ಲಿಯೂ ಅನೇಕ ಮನೆತನಗಳಿಗೆ ಆಕೆ ಕುಲದೇವತೆ. ದೇವಿಗೆ ಶಾಕಾಂಬರಿಯೆಂಬ ಹೆಸರೂ ಇರುವುದರಿಂದ ರಥೋತ್ಸವಕ್ಕೆ ಮುನ್ನ ಪಲ್ಯೇದ ಹಬ್ಬ ನಡೆಯುತ್ತದೆ. 108 ಬಗೆಯ ಪಲ್ಯಗಳ ನೈವೇದ್ಯ. ತೇರು ಒಂದು ದಿನದ್ದಾದರೂ ಜಾತ್ರೆ ತಿಂಗಳವರೆಗೆ ಉಳಿಯುತ್ತದೆ. ನಾಟಕ ಕಂಪನಿಗಳು ತಂಬು ಹಾಕುತ್ತವೆ. ಮರದ ಬಾಗಿಲು ಚೌಕಟ್ಟುಗಳ ಸಂತೆ ನೆರೆಯುತ್ತದೆ. ಮನೆ ಕಟ್ಟಿಸುತ್ತಿರುವವರು ದೇವಿಯ ದರ್ಶನದೊಡನೆ ಒಂದು ಹೊಸ್ತಿಲನ್ನೂ ಕೊಂಡು ಹೋಗುತ್ತಾರೆ. ರೈಲಿಗೂ ಬಸ್ಸಿಗೂ ಅನುಕೂಲವಾದ ನವನಗರದಲ್ಲಿ ಇಳಿದು, ಅಲ್ಲಿಂದ ಜಾತ್ರೆಗೆ ಹೋಗಿಬರುವ ನೆಂಟರಿಗೆ ಲೆಕ್ಕವಿಲ್ಲ. ಹೋಳಿ ಹುಣ್ಣಿಮೆಗೂ ಬರುತ್ತಾರೆ. ಬಾಗಲಕೋಟೆಯ ಬಣ್ಣದ ಬಂಡಿಗಳ ಕಥೆಯೇ ಬೇರೆ, ಅದು ಇಲ್ಲಿ ಬೇಡ.

ಸಿದ್ಧತೆ ಮೊದಲಾಗುವುದು ಮಾಳಿಗೆಯ ಮೇಲೆ. ಡಿಸೆಂಬರ್ ಮುಗಿಯುವ ಹೊತ್ತಿಗೆ ನವನಗರದ ಮಾಳಿಗೆಗಳನ್ನು ದೂರದಿಂದ ನೋಡಿದರೆ ಸಾಕು, ಯಾರ ಮನೆಗೆ ಬೀಗರು ಬರುತ್ತಾರೆಂದು ತಿಳಿಯುತ್ತದೆ. ಅಲ್ಲಿ ಕೌದಿಗಳು ಬಿಸಿಲಿಗೆ ಬಿದ್ದಿರುತ್ತವೆ. ಹಳೆಯ ಸೀರೆ ಧೋತರಗಳನ್ನು ಪದರು ಪದರಾಗಿ ಹಾಸಿ, ಮೇಲೆ ಬಣ್ಣದ ತುಂಡುಗಳನ್ನು ಇಟ್ಟು, ಒತ್ತೊತ್ತಾಗಿ ಹೊಲಿದ ಈ ಕೌದಿಗಳಿಗೆ ಪುಷ್ಯದ ಚಳಿಯಲ್ಲಿ ಸಾಟಿಯಿಲ್ಲ. ಅಂಗಡಿಯಿಂದ ತಂದ ನುಣುಪಾದ ರಗ್ಗುಗಳನ್ನು ಸೊಸೆಯಂದಿರು ಮುಂದಿಡುವುದುಂಟು. ಆದರೆ ಬಂದ ಚಿಗವ್ವ ಅದನ್ನು ಪಕ್ಕಕ್ಕೆ ಸರಿಸಿ, ಕೌದಿಯ ಒಂದು ತುಂಡನ್ನು ಬೆರಳಿನಿಂದ ಸವರಿ, “ಇದು ನಮ್ಮವ್ವನ ಇಳಕಲ್ ಸೀರಿ ಅಲ್ಲೇನ?” ಎಂದು ಕೇಳಿದಾಗ ರಗ್ಗು ತಾನಾಗಿಯೇ ಸೋಲುತ್ತದೆ.

ಅನಂತರದ್ದು ರೊಟ್ಟಿ. ಜೋಳದ ಹಿಟ್ಟನ್ನು ನಾದಿ, ಕಾಗದದಷ್ಟು ತೆಳ್ಳಗೆ ಬಡಿದು, ಹಂಚಿನ ಮೇಲೆ ಬೇಯಿಸಿ, ಉರಿಯ ಬದಿಗೆ ನಿಲ್ಲಿಸಿ ಗರಿಗರಿಯಾಗಿಸಿದ ಖಡಕ್ ರೊಟ್ಟಿ ವಾರಗಟ್ಟಲೆ ಕೆಡುವುದಿಲ್ಲ. ಅತಿಥಿ ಎಷ್ಟು ಹೊತ್ತಿಗೆ ಬಂದರೂ ಬುಟ್ಟಿಯಲ್ಲಿ ಊಟ ಸಿದ್ಧವಾಗಿರಬೇಕೆಂಬುದು ಈ ಸೀಮೆಯ ಗೃಹನೀತಿ. ಇದರ ಲೆಕ್ಕದಲ್ಲಿಯೇ ಅತ್ತೆ ಸೊಸೆಯರಿಗೆ ವರ್ಷಕ್ಕೊಮ್ಮೆ ಚಕಮಕಿ.

“ಎಷ್ಟು ಮಂದಿ ಬರ್ತಾರ ಅಂತ ಫೋನ್ ಹಚ್ಚಿ ಕೇಳೋಣೇನ್ರಿ ಅತ್ತಿ?”

“ಮನಿಗೆ ಬರೂ ಮಂದೀನ ಎಷ್ಟು ಜನ ಅಂತ ಕೇಳ್ತಾರೇನವಾ? ಇನ್ನೊಂದು ನೂರು ರೊಟ್ಟಿ ಬಡಿಯೋದು.”

ಗ್ಯಾಸಿನ ಒಲೆಯ ಮುಂದೆ ನಿಂತುಕೊಂಡು ನೂರು ರೊಟ್ಟಿ ಬಡಿಯುವುದು ಎಷ್ಟು ಕಷ್ಟವೆಂಬುದು ನೆಲದಲ್ಲಿ ಕುಳಿತು ಬಡಿದವರಿಗೆ ತಿಳಿಯದು. ಈಗ ಹಲವು ಮನೆಗಳವರು ರೊಟ್ಟಿಯನ್ನು ಮಾರುವ ಹೆಣ್ಣುಮಕ್ಕಳಿಗೆ ಮುಂಗಡವಾಗಿ ಹೇಳಿ ತರಿಸುತ್ತಾರೆ. ಇದರಲ್ಲಿ ನಾಚಿಕೆಯೇನೂ ಇಲ್ಲ. ಶೇಂಗಾ, ಗುರೆಳ್ಳು, ಅಗಸಿಯ ಹಿಂಡಿಗಳು ಮನೆಯಲ್ಲಿಯೇ ಕುಟ್ಟಿದವಾಗಿದ್ದರೆ, ಎಣ್ಣೆಗಾಯಿಯ ಬದನೆ ಎಳೆಯದಾಗಿದ್ದರೆ, ರೊಟ್ಟಿ ಯಾರ ಕೈಯದೆಂದು ಯಾರೂ ಕೇಳುವುದಿಲ್ಲ. 2025ರಲ್ಲಿ ಬನದ ಹುಣ್ಣಿಮೆ ಜನವರಿ 13ಕ್ಕೂ ಸಂಕ್ರಾಂತಿ ಮರುದಿನಕ್ಕೂ ಬಂದಾಗ ಎರಡು ಹಬ್ಬಗಳ ಅಡುಗೆ ಒಂದೇ ಒಲೆಯ ಮೇಲೆ ಕೂಡಿತು: ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ, ಮಾದಲಿ. ಪರ ಊರಿನಿಂದ ಬಂದ ಮಕ್ಕಳಿಗೆಂದು ಖಾರವಿಲ್ಲದ ಒಂದು ಬೇಳೆಯ ಸಾರನ್ನು ಬೇರೆಯೇ ಇಳಿಸಿಡುವುದು ಬಲ್ಲವರ ಲಕ್ಷಣ.

ನೆಂಟರು ಬರುತ್ತಾರೆಂದು ಗೋಡೆಗಳಿಗೆ ಬಣ್ಣ ಬಳಿಸುವುದು ಈಚಿನ ಹವ್ಯಾಸ. ಅದಕ್ಕಿಂತ ಮೊದಲು ನೀರಿನ ತೊಟ್ಟಿಯನ್ನು ತೊಳೆದು ತುಂಬಿಸಿಕೊಂಡ ಗೃಹಿಣಿಯೇ ಜಾಣೆ. ಜಾತ್ರೆಯ ಬೀಗರ ದಿನಚರಿ ಸಾಮಾನ್ಯ ಅತಿಥಿಗಳದಲ್ಲ. ಬೆಳಗಿನ ಜಾವ ಹತ್ತು ಜನ ಸ್ನಾನ ಮಾಡಿ ದರ್ಶನಕ್ಕೆ ಹೊರಡುತ್ತಾರೆ. ರಾತ್ರಿಯಿಡೀ ನಾಟಕ ನೋಡಿದವರು ಅದೇ ಹೊತ್ತಿಗೆ ಹಿಂದಿರುಗಿ, ನಾಯಕಿಯ ಹಾಡಿನ ಬಗ್ಗೆ ವಾದ ಮಾಡುತ್ತ ಚಹಾ ಕೇಳುತ್ತಾರೆ. ಹಳೆಯ ಮನೆಯಿಂದ ತಂದ ತಾಮ್ರದ ಹಂಡೆ ವರ್ಷವಿಡೀ ಮೂಲೆಯಲ್ಲಿದ್ದರೂ ಈ ಹದಿನೈದು ದಿನ ಹಿತ್ತಲ ಒಲೆಯ ಮೇಲೆ ಕುಳಿತು ತನ್ನ ಋಣ ತೀರಿಸುತ್ತದೆ.

ಇಷ್ಟೆಲ್ಲ ಹಳೆಯ ಊರಿನಲ್ಲಿಯೂ ಇತ್ತಲ್ಲವೇ? ಇತ್ತು, ಆದರೆ ಅಲ್ಲಿ ಒಂದೇ ಮನೆಯ ಮೇಲೆ ಭಾರ ಬೀಳುತ್ತಿರಲಿಲ್ಲ. ಹಳೆಯ ಬಾಗಲಕೋಟೆಯಲ್ಲಿ ಬೀಗರು ಒಂದು ಮನೆಗೆ ಬಂದರೆ ಇಡೀ ಓಣಿಗೆ ಬಂದಂತೆ. ಗಂಡಸರ ಹಾಸಿಗೆ ಎದುರುಮನೆಯ ಪಡಸಾಲೆಯಲ್ಲಿ. ದೊಡ್ಡ ಪಾತ್ರೆ ಮೂರನೆಯ ಮನೆಯದು. ಹಾಲು ಹಿಂದಿನ ಮನೆಯ ಎಮ್ಮೆಯದು. ಯಾರ ಹಾಸಿಗೆಯಲ್ಲಿ ಯಾರು ಮಲಗಿದರೆಂಬುದು ಬೆಳಗಾದ ಮೇಲೆಯೇ ತಿಳಿಯುತ್ತಿತ್ತು. ಹೊಸ ಊರಿನಲ್ಲಿ ನಿವೇಶನಗಳು ಅಳತೆಗೆ ತಕ್ಕಂತೆ ಬೇರೆ ಬೇರೆ ಸೆಕ್ಟರುಗಳಲ್ಲಿ ಹಂಚಿಹೋದಾಗ ಓಣಿಯೂ ಹಂಚಿಹೋಯಿತು. ಗೋಡೆಗೆ ಗೋಡೆ ಹತ್ತಿಕೊಂಡಿದ್ದವರ ನಡುವೆ ಈಗ ರಿಕ್ಷಾದ ದಾರಿ. ಪಕ್ಕದಲ್ಲಿ ಬಂದು ನೆಲಸಿದವರು ಎಲ್ಲಿಯವರೋ; ನಡುವೆ ಎದೆಮಟ್ಟದ ಕಂಪೌಂಡು. ಮೊದಲ ಕೆಲವು ವರ್ಷಗಳ ಹಬ್ಬಗಳಲ್ಲಿ ಗೃಹಿಣಿಯರು ಅನುಭವಿಸಿದ ಕಷ್ಟ ರೊಟ್ಟಿಯದೂ ಅಲ್ಲ, ನೀರಿನದೂ ಅಲ್ಲ. ಒಂದು ದೊಡ್ಡ ಪಾತೇಲಿಯನ್ನು ಯಾರಲ್ಲಿ ಕೇಳಬೇಕೆಂಬುದು.

ಕೇಳುವಂತೆ ಮಾಡಿದವರೂ ಬೀಗರೇ. ಎಂಟು ಜನರೆಂದು ಎಣಿಸಿದಲ್ಲಿ ಹದಿನಾಲ್ಕು ಜನ ಬಂದಿಳಿದಾಗ ಸಂಕೋಚಕ್ಕೆ ಅವಕಾಶವಿರುವುದಿಲ್ಲ. ಮೈಸೂರ ಕಡೆಯಿಂದ ವರ್ಗವಾಗಿ ಬಂದ ನೌಕರರ ಮನೆಯಾಕೆಯನ್ನು ಕಂಪೌಂಡಿನ ಆಚೆಯಿಂದ ಕೂಗಿ ಕರೆದು ಹಾಸಿಗೆ ಕೇಳಬೇಕಾಗುತ್ತದೆ. ಆಕೆ ಹಾಸಿಗೆಯನ್ನೂ ಕೊಡುತ್ತಾಳೆ, ಮಲಗಲು ಮುಂದಿನ ಕೋಣೆಯನ್ನೂ ತೆರೆಯುತ್ತಾಳೆ. ಸಂಜೆಗೆ ಅದೇ ಗೋಡೆಯ ಮೇಲಿಂದ ರೊಟ್ಟಿ, ಹಿಂಡಿ, ಗಡಿಗೆಯ ಗಟ್ಟಿ ಮೊಸರು ಅತ್ತ ದಾಟುತ್ತವೆ. “ಈ ರೊಟ್ಟಿಯನ್ನು ಅಗಿಯುವುದು ಹೇಗೆ?” ಎಂದು ಆಕೆ ನಗುತ್ತಾಳೆ. ಮರುವರ್ಷ ಕೇಳುವ ಮೊದಲೇ ಹಾಸಿಗೆ ಬಂದಿರುತ್ತದೆ. ಹೀಗೆ ಒಂದೊಂದು ಸೆಕ್ಟರಿನಲ್ಲಿ ಸದ್ದಿಲ್ಲದೆ ಒಂದೊಂದು ಓಣಿ ಹುಟ್ಟಿಕೊಂಡಿದೆ. ಅದು ಯಾವ ನಕ್ಷೆಯಲ್ಲಿಯೂ ಇಲ್ಲ.

ತೇರು ಮುಗಿದ ಮರುದಿನ ನೋಡುವ ಸ್ಥಳಗಳ ಸರದಿ. ಬಾದಾಮಿಯ ಗುಹೆಗಳು, ಪಟ್ಟದಕಲ್ಲು, ಐಹೊಳೆ, ಕೃಷ್ಣೆ ಮಲಪ್ರಭೆಗಳು ಕೂಡುವ ಕೂಡಲಸಂಗಮ, ಯಾವುದನ್ನೂ ಬಿಡುವಂತಿಲ್ಲ. ಮಕ್ಕಳು ವಾಹನದಲ್ಲಿ ಮುಂದಿನ ಸೀಟಿಗಾಗಿ ಜಗಳವಾಡುತ್ತಾರೆ. ಆದರೆ ಗುಂಪಿನಲ್ಲಿ ಒಬ್ಬ ಮುದುಕಿ ಹತ್ತುವುದಿಲ್ಲ. ಆಕೆ ನೋಡಬೇಕಾದದ್ದು ಬೇರೆ.

ಮಧ್ಯಾಹ್ನದ ಬಿಸಿಲು ಇಳಿದ ಮೇಲೆ ಮನೆಯೊಡತಿ ಆಕೆಯನ್ನು ಹಳೆಯ ಊರಿಗೆ ಕರೆದೊಯ್ಯುತ್ತಾಳೆ. ಊರು ಪೂರ್ತಿ ಮುಳುಗಿಲ್ಲ. ಎತ್ತರದ ಭಾಗದಲ್ಲಿ ಇನ್ನೂ ಜನವಸತಿಯಿದೆ, ವ್ಯಾಪಾರವಿದೆ. ಅದನ್ನು ದಾಟಿ ಇಳಿಜಾರಿಗೆ ಬಂದರೆ ರಸ್ತೆ ಇದ್ದಕ್ಕಿದ್ದಂತೆ ನೀರಿನೊಳಗೆ ಇಳಿದುಹೋಗುತ್ತದೆ. ಅಕ್ಕತಂಗಿಯರಿಬ್ಬರೂ ಅಲ್ಲಿ ನಿಲ್ಲುತ್ತಾರೆ. ಒಬ್ಬಾಕೆ ಕೈಚಾಚಿ ಬಾವಿ ಎಲ್ಲಿತ್ತೆಂದು ತೋರಿಸುತ್ತಾಳೆ; ಇನ್ನೊಬ್ಬಾಕೆ ಅಲ್ಲ, ಇನ್ನೂ ಈಚೆಗೆ ಎನ್ನುತ್ತಾಳೆ. ಗುರುತಿಗೆ ಏನೂ ಉಳಿದಿಲ್ಲವಾದ್ದರಿಂದ ಈ ವಾದ ಪ್ರತಿವರ್ಷವೂ ನಡೆಯಬಲ್ಲದು. ಮುಳುಗಡೆಯ ಮಾತೂ ಮುಗಿದಿಲ್ಲ. ಜಲಾಶಯದ ಮಟ್ಟ ಈಗ 519.60 ಮೀಟರು; ಅದನ್ನು 524.256 ಮೀಟರಿಗೆ ಏರಿಸಲು ಕೃಷ್ಣಾ ನ್ಯಾಯಾಧಿಕರಣ 2010ರಲ್ಲಿ ಒಪ್ಪಿದೆ. ಏರಿದಾಗ ಈ ಇಳಿಜಾರಿನ ಮನೆಗಳವರೂ ಮೇಲಕ್ಕೆ ಬರಬೇಕು; ಅವರ ಬೀಗರೂ ಸೆಕ್ಟರಿನ ಅಂಕಿ ಕಲಿಯಬೇಕು.

ಹಿಂದಿರುಗುವಾಗ ಇಬ್ಬರೂ ಹೆಚ್ಚು ಮಾತಾಡುವುದಿಲ್ಲ. ಮನೆಗೆ ಬಂದು ಬಾಗಿಲ ಮುಂದೆ ನಿಂತಾಗ ಅತಿಥಿಯ ಕೈ ತಾನಾಗಿಯೇ ಬಾಗಿಲಿನ ಒಂದು ಹಿತ್ತಾಳೆಯ ಕಡಗಕ್ಕೆ ಹೋಗುತ್ತದೆ. ಹಳೆಯ ಮನೆಯ ಬಾಗಿಲನ್ನು ಕಿತ್ತು ತಂದು ಹೊಸ ಗೋಡೆಗೆ ನಿಲ್ಲಿಸಿದವರು ನವನಗರದಲ್ಲಿ ಹಲವರು. ಸಿಮೆಂಟಿನ ಮನೆಗೆ ಅದು ಒಪ್ಪುವುದಿಲ್ಲವೆಂದು ಎಂಜಿನಿಯರು ಹೇಳಿದ್ದು ನಿಜವೇ ಇದ್ದೀತು. ಆದರೆ ಬೀಗರಿಗೆ ಕೈಗೆ ಸಿಗುವ ಎತ್ತರದಲ್ಲಿ ಆ ಕಡಗವಿದೆ.

ಹೊರಡುವ ದಿನ ಹೆಣ್ಣುಮಕ್ಕಳನ್ನು ಮಣೆಯ ಮೇಲೆ ಕೂರಿಸಿ ಉಡಿ ತುಂಬುತ್ತಾರೆ: ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣದ ಕೊಂಬು, ಅಡಿಕೆ, ಜೊತೆಗೆ ಗುಳೇದಗುಡ್ಡದ ಒಂದು ಖಣ. ಖಣವನ್ನು ಮೊದಲೇ ತಂದಿಟ್ಟು, ಯಾರಿಗೆ ಯಾವ ಬಣ್ಣವೆಂದು ಗೊತ್ತುಮಾಡಿರಬೇಕು. ಮಣೆಯ ಮುಂದೆ ಹುಡುಕಾಡಬಾರದು. ಮಕ್ಕಳ ಕೈಗೆ ಅಮೀನಗಡದ ಕರದಂಟು. ಚೀಲದ ತಳಕ್ಕೆ ಬಟ್ಟೆಯಲ್ಲಿ ಸುತ್ತಿದ ಇಪ್ಪತ್ತೈದು ರೊಟ್ಟಿ. ಭಾರವಾಯಿತೆಂದು ಅವರು ತೆಗೆಯುವುದು, ಇವರು ಮತ್ತೆ ತುರುಕುವುದು ರಿಕ್ಷಾ ಬರುವವರೆಗೂ ನಡೆಯುತ್ತದೆ.

ರಿಕ್ಷಾ ಹತ್ತಿದ ಮೇಲೆ ಚಿಗವ್ವ ತಲೆ ಹೊರಗೆ ಹಾಕಿ ಸೊಸೆಯನ್ನು ಕರೆಯುತ್ತಾಳೆ:

“ಕೌದಿ ಮ್ಯಾಲ ಎತ್ತಿ ಇಡಬ್ಯಾಡವಾ. ಹೋಳಿ ಹುಣ್ಣಿಮಿಗೆ ಮತ್ತ ಬರ್ತೀವಿ.”