ಶರತ್ಕಾಲದ ಅತಿಥಿ
ನಮ್ಮ ಹೊಳೆನರಸೀಪುರದ ಹೇಮಾವತಿಯು ಕಾವೇರಿಯನ್ನು ಕೂಡಿ, ದ್ವೀಪನಗರವಾದ ಶ್ರೀರಂಗಪಟ್ಟಣವನ್ನು ಬಳಸಿ ಹರಿಯುವುದು. ಆಶ್ವಯುಜದಲ್ಲಿ ಮಳೆ ಹಿಂಗಿ ಬಂಡೆಗಳು ತಲೆಯೆತ್ತಿದೊಡನೆ ಹಿಮಾಲಯದ ಕಡೆಯಿಂದ ಖಂಜನಪಕ್ಷಿಗಳು ಎರಡೂ ಊರುಗಳ ದಡಗಳಿಗೆ ಬಂದಿಳಿಯುವುವು. ನಿವೃತ್ತರಾದ ನಾವು ವರ್ಷವರ್ಷವೂ ಅವುಗಳ ಹಾದಿ ಕಾಯುತ್ತೇವೆ. ಸಂಸ್ಕೃತಕವಿಗಳು ಸುಂದರಿಯರ ಚಂಚಲನೇತ್ರಗಳಿಗೆ ಉಪಮಾನವಾಗಿಸಿದ, ಬಾಲ ಕುಣಿಸುವ ಈ ಹಕ್ಕಿಯ ತೂಕ ಸುಮಾರು ಎರಡು ತೊಲ!

ಶ್ರೀರಂಗಪಟ್ಟಣದ ಬಳಿಯ ನಡುಗಡ್ಡೆಗಳಲ್ಲಿ ಹಕ್ಕಿಗಳು ಗೂಡುಕಟ್ಟುವುದನ್ನು ಸಲೀಂ ಅಲಿಯವರು ಕಂಡು ತಿಳಿಸಿದ್ದರಿಂದಲೇ 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾಯಿತು. ನೋಡುವ ಕಣ್ಣಿದ್ದಲ್ಲಿ ಕಾಯುವ ಕೈಯೂ ಒದಗುವುದು. ಆದುದರಿಂದ ಗೃಹಸ್ಥರು ಮಕ್ಕಳನ್ನು ಹೊಳೆಯ ದಡಕ್ಕೆ ಕರೆದೊಯ್ದು, ಮೊದಲ ಖಂಜನವು ಕಂಡ ದಿನವನ್ನು ಪಂಚಾಂಗದ ಅಂಚಿನಲ್ಲಿ ಬರೆಯಿಸಲಿ. ಹಕ್ಕಿ ತಡವಾಗಿ ಬಂದ ವರ್ಷವನ್ನೂ ಬಾರದ ವರ್ಷವನ್ನೂ ಆ ಬರಹವಲ್ಲದೆ ಮತ್ತಾವುದು ಹೇಳಬಲ್ಲದು?