ಅಲುಗದವರನ್ನು ಕಾಣದ ದೀಪ

ಹೋದ ವರ್ಷದ ಶ್ರಾವಣದಲ್ಲಿ ಬೆಂಗಳೂರಿಗೆ ಹೋಗಿದ್ದಾಗ ನಮಗೊಂದು ವಿಲಕ್ಷಣವಾದ ಅವಮಾನವು ಪ್ರಾಪ್ತವಾಯಿತು. ಮಗನ ಮನೆಯ ಮಹಡಿಯಲ್ಲಿ ಓದುವುದಕ್ಕೆಂದು ಒಂದು ಸಣ್ಣ ಕೋಣೆಯುಂಟು. ಅಲ್ಲಿ ನಾವು ಹಳೆಯ ವ್ಯಾಖ್ಯಾನಗ್ರಂಥವೊಂದನ್ನು ಮುಂದಿಟ್ಟುಕೊಂಡು, ಒಂದು ಸಮಾಸವು ಬಿಡದೆ ಕಾಡುತ್ತಿದ್ದುದರಿಂದ, ಕಣ್ಣನ್ನು ಪುಟದಲ್ಲಿ ನೆಟ್ಟು ಕದಲದೆ ಕುಳಿತಿದ್ದೆವು. ಅದು ಬಹುವ್ರೀಹಿಯೋ ಕರ್ಮಧಾರಯವೋ ಎಂಬುದು ಇನ್ನೇನು ನಿಶ್ಚಯವಾಗಬೇಕು, ಅಷ್ಟರಲ್ಲಿ ದೀಪವು ಆರಿಹೋಯಿತು. ‘ಕರೆಂಟು ಹೋಯಿತೇನಮ್ಮಾ?’ ಎಂದು ಕೂಗಿದೆವು. ಕೆಳಗಿನಿಂದ ಸೊಸೆಯು, ‘ಇಲ್ಲ ಮಾವ, ಸುಮ್ಮನೆ ಒಂದು ಸಲ ಕೈ ಆಡಿಸಿ’ ಎಂದಳು. ಆಡಿಸಿದೆವು, ದೀಪವು ಹತ್ತಿತು. ಮೂವತ್ತನಾಲ್ಕು ವರ್ಷಗಳ ಕಾಲ ಮಕ್ಕಳಿಗೆ ‘ಅಲುಗಾಡದೆ ಕುಳಿತು ಓದಿರಿ’ ಎಂದು ಗದರಿಸಿದ ಉಪಾಧ್ಯಾಯರು ಈ ದೀಪದ ಲೆಕ್ಕದಲ್ಲಿ, ಅಲುಗಾಡದೆ ಕುಳಿತ ತಪ್ಪಿಗಾಗಿ, ಇಲ್ಲವೇ ಇಲ್ಲದವರಾಗಿದ್ದರು!

ಪೇಟೆಯಲ್ಲಿ ಇದಕ್ಕೆ ‘ಮೋಷನ್ ಸೆನ್ಸರ್’ ಎಂದು ಹೆಸರು. ನಾವು ಇದನ್ನು ಚಲನಗ್ರಾಹಿ ಎಂದು ಕರೆಯುತ್ತೇವೆ. ಹೆಸರನ್ನು ಕೇಳಿ ಮನೆಯವರೆಲ್ಲರೂ ನಕ್ಕರು. ನಗಲಿ, ಹೆಸರಿಡುವುದು ನಮ್ಮ ಹಳೆಯ ದುರಭ್ಯಾಸ.

ದೀಪಾವಳಿಗೆ ಮಗನು ಮೈಸೂರಿಗೆ ಬಂದಾಗ ನಮ್ಮ ಮನೆಗೂ ಇಂಥದೊಂದನ್ನು ಹಾಕಿಸಿದನು. ಕಾರಣವೂ ಇತ್ತು. ನಮ್ಮ ಅಕ್ಕನವರಿಗೆ ಎಪ್ಪತ್ತಾರು ವರ್ಷ, ನಮ್ಮೊಡನೆಯೇ ಇದ್ದಾರೆ. ಅರುವತ್ತು ತುಂಬಿದ ನಮ್ಮನ್ನು ‘ಪುಟ್ಟ’ ಎಂದು ಕರೆಯುವವರು ಈ ಭೂಮಿಯ ಮೇಲೆ ಈಗ ಅವರೊಬ್ಬರೇ ಉಳಿದಿರುವರು. ರಾತ್ರಿ ಎರಡು ಸಲವಾದರೂ ಬಚ್ಚಲಿಗೆ ಏಳುವರು. ನಡುಮನೆಯಿಂದ ಬಚ್ಚಲಿಗೆ ಹೋಗುವ ದಾರಿಯು ಇಕ್ಕಟ್ಟು, ಗೋಡೆಯ ಗುಂಡಿಯು ಎತ್ತರ, ನಡುವೆ ಒಂದು ಹೊಸಿಲು. ತಾನಾಗಿ ಹತ್ತುವ ದೀಪವಿದ್ದರೆ ತಡವರಿಸುವುದು ತಪ್ಪುವುದಲ್ಲವೆ?

ದೀಪವನ್ನು ಕೂಡಿಸಲು ಬಂದವನು ನಮ್ಮ ಹಳೆಯ ಶಿಷ್ಯ. ಸಂಸ್ಕೃತದಲ್ಲಿ ಎರಡು ಸಲ ನಪಾಸಾಗಿ, ವಿದ್ಯುತ್ತಿನ ಕೆಲಸದಲ್ಲಿ ಒಳ್ಳೆಯ ಹೆಸರನ್ನು ಪಡೆದವನು. ‘ಇದು ನಿಮ್ಮನ್ನು ನೋಡೋದಿಲ್ಲ ಮೇಷ್ಟ್ರೇ, ನಿಮ್ಮ ಬಿಸೀನ ನೋಡುತ್ತೆ’ ಎಂದನು. ಆ ಮಾತು ನಮ್ಮನ್ನು ಹಿಡಿದುಕೊಂಡಿತು. ಕೆಟ್ಟುಹೋದ ಹಳೆಯದೊಂದನ್ನು ಅವನ ಚೀಲದಿಂದ ಕೇಳಿ ಪಡೆದು ಬಿಚ್ಚಿ ನೋಡಿದೆವು, ಗ್ರಂಥಗಳನ್ನೂ ತಿರುವಿದೆವು. ತಿಳಿದಷ್ಟನ್ನು ವಾಚಕರಿಗೆ ನಿವೇದಿಸುತ್ತೇವೆ.

ಬಿಸಿಯುಳ್ಳ ಪ್ರತಿಯೊಂದು ವಸ್ತುವೂ ಕಣ್ಣಿಗೆ ಕಾಣದ ಕಿರಣಗಳನ್ನು ಸೂಸುತ್ತದೆ. ವಿಲಿಯಂ ಹರ್ಷೆಲನು 1800ರಲ್ಲಿ ಸೂರ್ಯನ ಬೆಳಕನ್ನು ಗಾಜಿನ ಪಟ್ಟಕದಿಂದ ಬಣ್ಣಬಣ್ಣವಾಗಿ ಬಿಡಿಸಿ, ಒಂದೊಂದು ಬಣ್ಣದಲ್ಲಿಯೂ ಉಷ್ಣಮಾಪಕವನ್ನಿಟ್ಟು ನೋಡುತ್ತಿದ್ದನು. ಕೆಂಪಿನ ಆಚೆ, ಬಣ್ಣವೇ ಇಲ್ಲದ ಕತ್ತಲೆಯಲ್ಲಿಟ್ಟಾಗಲೂ ಉಷ್ಣತೆಯು ಏರಿತು. ಅವನಿಗೆ ಸಿಕ್ಕ ಈ ಬೆಳಕೇ ಅವಕೆಂಪು ಕಿರಣ. ನಮ್ಮ ದೇಹವೂ ಹಗಲಿರುಳು ಇದನ್ನು ಸೂಸುತ್ತಿರುತ್ತದೆ. ಅದರ ಅಲೆಯ ಉದ್ದವು ಹೆಚ್ಚಾಗಿ ಒಂಬತ್ತು ಹತ್ತು ಮೈಕ್ರೋಮೀಟರಿನ ಆಸುಪಾಸಿನಲ್ಲಿ, ಎಂದರೆ ಕಾಣುವ ಬೆಳಕಿನ ಅಲೆಗಿಂತ ಹದಿನೈದು ಇಪ್ಪತ್ತು ಪಾಲು ಹೆಚ್ಚಾಗಿ ಇರುವುದು. ಸಹ್ಯಾದ್ರಿಯ ಗುಳಿಮಂಡಲ ಹಾವಿಗೆ ಕಣ್ಣಿಗೂ ಮೂಗಿಗೂ ನಡುವೆ ಒಂದು ಸಣ್ಣ ಗುಳಿಯುಂಟು. ಕಗ್ಗತ್ತಲೆಯಲ್ಲಿ ಇಲಿಯ ಮೈಬಿಸಿಯನ್ನು ಅದು ಆ ಗುಳಿಯಿಂದಲೇ ಅರಿಯುತ್ತದೆ. ಸಂಸ್ಕೃತದಲ್ಲಿ ಹಾವಿಗೆ ಚಕ್ಷುಃಶ್ರವಸ್, ಕಣ್ಣಿನಿಂದ ಕೇಳುವುದು, ಎಂಬ ಹೆಸರಿದೆ. ಈ ಗುಳಿಯ ಸಮಾಚಾರವು ತಿಳಿದಿದ್ದರೆ ನಿಘಂಟುಕಾರರು ಇನ್ನೊಂದು ಹೆಸರನ್ನೂ ಕೊಡುತ್ತಿದ್ದರೋ ಏನೋ.

ಯಂತ್ರದ ಒಳಗಿರುವುದು ಹಾವಿನ ಗುಳಿಯಲ್ಲ, ಒಂದು ಜಾತಿಯ ಹರಳು. ಇದರ ಕಥೆಯೂ ಸೊಗಸಾಗಿದೆ. ಹದಿನೆಂಟನೆಯ ಶತಮಾನದ ಆರಂಭದಲ್ಲಿ ಡಚ್ಚರು ಸಿಂಹಳದಿಂದ ತಮ್ಮ ದೇಶಕ್ಕೆ ಕೆಲವು ಕಲ್ಲುಗಳನ್ನು ಕೊಂಡೊಯ್ದರು. ಬಿಸಿಬೂದಿಯಲ್ಲಿಟ್ಟರೆ ಆ ಕಲ್ಲು ಬೂದಿಯ ಕಣಗಳನ್ನು ತನ್ನತ್ತ ಸೆಳೆದುಕೊಳ್ಳುತ್ತಿತ್ತು. ಅವರು ಅದನ್ನು ‘ಬೂದಿಯೆಳೆಯುವ ಕಲ್ಲು’ ಎಂದರು. ನಾವು ಇಂದು ಟೂರ್ಮಲಿನ್ ಎನ್ನುತ್ತೇವೆ. ಇದೂ ಸಿಂಹಳ ಭಾಷೆಯ ‘ತೋರಮಲ್ಲಿ’ಯಿಂದ ಬಂದ ಶಬ್ದವೇ. ಬಿಸಿಯು ಬದಲಾದೊಡನೆ ಇಂಥ ಹರಳಿನ ಮೈಯಲ್ಲಿ ವಿದ್ಯುತ್ತು ತೋರುತ್ತದೆ. ಈ ಗುಣಕ್ಕೆ 1824ರಲ್ಲಿ ಸ್ಕಾಟ್ಲೆಂಡಿನ ಡೇವಿಡ್ ಬ್ರೂಸ್ಟರನು ಪೈರೋಎಲೆಕ್ಟ್ರಿಸಿಟಿ, ಎಂದರೆ ಉಷ್ಣವಿದ್ಯುತ್ತು, ಎಂಬ ಅರ್ಥದ ಹೆಸರನ್ನಿಟ್ಟನು. ವಾಚಕರು ಒಂದು ಸೂಕ್ಷ್ಮವನ್ನು ಇಲ್ಲಿ ಗಮನಿಸಬೇಕು: ಬಿಸಿಯಿದ್ದರೆ ಸಾಲದು, ಬಿಸಿಯು ಬದಲಾಗಬೇಕು. ಒಂದೇ ಸಮನಾದ ಶಾಖಕ್ಕೆ ಈ ಹರಳು ಉತ್ತರ ಕೊಡುವುದಿಲ್ಲ.

ಯಂತ್ರದಲ್ಲಿ ಇಂಥ ಎರಡು ತುಣುಕುಗಳನ್ನು ತಕ್ಕಡಿಯ ಎರಡು ತಟ್ಟೆಗಳಂತೆ ಒಂದಕ್ಕೊಂದು ಎದುರಾಗಿ ಹೊಂದಿಸಿರುತ್ತಾರೆ. ಬಿಸಿಲೇರಿ ಗೋಡೆಯು ಕಾದರೆ ಎರಡಕ್ಕೂ ಸಮನಾಗಿ ತಾಗುವುದರಿಂದ ತಕ್ಕಡಿಯು ಅಲುಗದು. ಮನುಷ್ಯನು ಹಾದುಹೋದರೆ ಅವನ ಬಿಸಿಯು ಮೊದಲು ಒಂದು ತಟ್ಟೆಗೂ ಆಮೇಲೆ ಇನ್ನೊಂದು ತಟ್ಟೆಗೂ ಬೀಳುತ್ತದೆ, ತಕ್ಕಡಿಯು ಆ ಕಡೆಗೊಮ್ಮೆ ಈ ಕಡೆಗೊಮ್ಮೆ ತೂಗುತ್ತದೆ, ದೀಪವು ಹತ್ತುತ್ತದೆ. ಮುಂದಿರುವ ಹಾಲುಬಣ್ಣದ ಗುಬ್ಬಟೆಯು ಗಾಜಲ್ಲ. ಗಾಜು ಈ ಕಿರಣವನ್ನು ಒಳಕ್ಕೆ ಬಿಡದು, ಆದುದರಿಂದ ಪಾಲಿಥೀನಿನಿಂದ ಮಾಡುತ್ತಾರೆ. ಅದರಲ್ಲಿ ಕೊರೆದಿರುವ ಸಣ್ಣ ಸಣ್ಣ ಮಸೂರಗಳು ಫ್ರೆಂಚರ ಫ್ರೆನೆಲನು ದೀಪಸ್ತಂಭಗಳಿಗಾಗಿ ಕಲ್ಪಿಸಿದ ಬಗೆಯವು. ಅವನ ಮಸೂರವು 1823ರಲ್ಲಿ ಕೋರ್ದುವಾನ್ ದೀಪಸ್ತಂಭದಲ್ಲಿ ಮೊದಲು ಬೆಳಗಿತು. ಅಲ್ಲಿ ಬೆಳಕನ್ನು ದೂರಕ್ಕೆ ಕಳುಹಿಸಿದ ಯುಕ್ತಿಯೇ ಇಲ್ಲಿ ಬಿಸಿಯನ್ನು ಒಳಕ್ಕೆ ಕೂಡಿಸುತ್ತದೆ, ಕೋಣೆಯನ್ನು ಬೀಸಣಿಗೆಯ ಕಡ್ಡಿಗಳಂತೆ ಹಲವು ಪಟ್ಟಿಗಳಾಗಿ ಸೀಳುತ್ತದೆ. ಅಡ್ಡಹಾಯುವವನು ಪಟ್ಟಿಯಿಂದ ಪಟ್ಟಿಗೆ ದಾಟುವುದರಿಂದ ಬೇಗ ಸಿಕ್ಕಿಬೀಳುವನು. ನೇರವಾಗಿ ಎದುರಿಗೆ ಬರುವವನು ಒಂದೇ ಪಟ್ಟಿಯಲ್ಲಿ ಬಹಳ ಹೊತ್ತು ಇರುವುದರಿಂದ ತಡವಾಗಿ ತಿಳಿಯುವನು. (ಈ ಪತ್ರಿಕೆಯನ್ನು ಕಳ್ಳರು ಓದುವುದಿಲ್ಲವೆಂದು ನಂಬಿದ್ದೇವೆ.) ರಾಯಚೂರು ಕಲಬುರಗಿಗಳ ಬೇಸಗೆಯಲ್ಲಿ ಗೋಡೆಯೂ ಮೈಯೂ ಒಂದೇ ಬಿಸಿಗೆ ಬಂದಾಗ ಇದರ ದೃಷ್ಟಿಯು ಮಂದವಾಗುವುದೂ ಸಹಜವೇ.

ಇದರ ಉಪಯೋಗಗಳನ್ನು ಹೇಳಹೊರಟರೆ ಲೇಖನವು ಬೆಳೆದೀತು. ಕಳ್ಳಗಂಟೆ, ಕಚೇರಿಗಳ ಮೆಟ್ಟಿಲದೀಪ ಇವುಗಳನ್ನು ಎಲ್ಲರೂ ಕಂಡಿದ್ದಾರೆ. ಕೈಯೊಡ್ಡಿದರೆ ನೀರು ಬಿಡುವ ನಲ್ಲಿಯದು ಬೇರೆ ಬಗೆ; ಅದು ತಾನೇ ಕಿರಣವನ್ನು ಕಳುಹಿಸಿ, ಕೈಗೆ ಬಡಿದು ಹಿಂದಿರುಗಿದುದನ್ನು ನೋಡುತ್ತದೆ. ನಮಗೆ ಎಲ್ಲಕ್ಕಿಂತ ರುಚಿಸಿದ್ದು ಕಾಡಿನ ಉಪಯೋಗ. ಅರಣ್ಯಾಧಿಕಾರಿ ಎಫ್. ಡಬ್ಲ್ಯು. ಚಾಂಪಿಯನ್ನನು ಹಿಂದೆ ಉತ್ತರದ ಸಂಯುಕ್ತಪ್ರಾಂತದ ಕಾಡುಗಳಲ್ಲಿ ಹುಲಿಯ ಹಾದಿಗೆ ತಂತಿಯನ್ನು ಕಟ್ಟಿ, ಅದು ತಾಗಿದೊಡನೆ ಚಿತ್ರವು ಮೂಡುವಂತೆ ಮಾಡಿದ್ದನು. ಅವನ ಪುಸ್ತಕವು 1927ರಲ್ಲಿ ಹೊರಬಂದಿತು. ಈಗ ತಂತಿಯ ಸ್ಥಾನದಲ್ಲಿ ಈ ಚಲನಗ್ರಾಹಿಯು ಕುಳಿತಿದೆ. ನಮ್ಮ ನಾಗರಹೊಳೆಯಲ್ಲಿಯೇ ಉಲ್ಲಾಸ ಕಾರಂತರು, ಪಟ್ಟೆಗಳಿಂದ ಹುಲಿಹುಲಿಯನ್ನೂ ಗುರುತಿಸಿ ಇಂಥ ಚಿತ್ರಗಳಿಂದ ಎಣಿಸುವ ಕ್ರಮವನ್ನು ನೆಲೆಗೊಳಿಸಿ, 1995ರಲ್ಲಿ ಪ್ರಕಟಿಸಿದರು. 2018ರ ಅಖಿಲಭಾರತ ಗಣತಿಯಲ್ಲಿ 26,838 ಸ್ಥಳಗಳಲ್ಲಿ ಕ್ಯಾಮರಾಗಳನ್ನಿಟ್ಟು ವನ್ಯಜೀವಿಗಳ ಮೂರು ಕೋಟಿ ನಲವತ್ತೆಂಟು ಲಕ್ಷಕ್ಕೂ ಮೀರಿದ ಚಿತ್ರಗಳನ್ನು ಪಡೆದರಂತೆ. ಅವುಗಳಲ್ಲಿ ಹುಲಿಯವು 76,651. ಮಿಕ್ಕವುಗಳಲ್ಲಿ ಜಿಂಕೆ ಎಷ್ಟು, ಹಂದಿ ಎಷ್ಟು ಎಂದು ಕುಳಿತು ನೋಡಿದವರ ತಾಳ್ಮೆಗೆ ನಮ್ಮ ನಮಸ್ಕಾರ.

ಇಷ್ಟೆಲ್ಲ ತಿಳಿದುಕೊಂಡು ನಾವು ಬಹಳ ಸಂತುಷ್ಟರಾಗಿದ್ದೆವು. ರಾತ್ರಿ ಎಚ್ಚರವಾದಾಗ ನಮ್ಮ ಕೋಣೆಯ ಬಾಗಿಲಿನ ಕೆಳಗಿನ ಸಂದಿಯಲ್ಲಿ ಬೆಳಕಿನ ಗೆರೆಯು ಕಾಣುವುದು: ಅಕ್ಕ ಎದ್ದರು. ಒಂದು ನಿಮಿಷಕ್ಕೆ ಆರುವುದು: ಬಚ್ಚಲೊಳಗೆ ಹೋದರು. ಮತ್ತೆ ಹತ್ತುವುದು, ಆರುವುದು: ಬಂದು ಮಲಗಿದರು. ಏಳುವ ಶ್ರಮವೂ ನಮಗೆ ತಪ್ಪಿತು.

ಮಾಘಮಾಸದ ಒಂದು ರಾತ್ರಿ, ಎರಡು ಗಂಟೆಯಿರಬಹುದು, ಗೆರೆಯು ಮೂಡಿತು, ಆರಿತು. ಮತ್ತೆ ಹತ್ತಲಿಲ್ಲ. ಅರೆನಿದ್ರೆಯಲ್ಲಿ ಕಾದೆವು. ಮತ್ತೆ ಹತ್ತಿದ್ದು ನಮ್ಮ ಕಣ್ಣಿಗೆ ಬೀಳಲಿಲ್ಲವೇನೋ, ದೀಪವು ಆರಿದೆ, ಆದುದರಿಂದ ಅಲ್ಲಿ ಯಾರೂ ಇಲ್ಲ ಎಂದು ನಿಶ್ಚಯಿಸಿ ಮಗ್ಗುಲಾದೆವು.

ತರ್ಕವನ್ನು ಓದಿದವರಿಗೆ ಈ ತಪ್ಪು ತಟ್ಟನೆ ಹೊಳೆಯಬೇಕು. ಹೊಗೆಯಿದ್ದಲ್ಲಿ ಬೆಂಕಿಯುಂಟು, ಹೊಗೆಯಿಲ್ಲದಲ್ಲಿ ಬೆಂಕಿಯಿಲ್ಲವೆನ್ನಲಾಗದು. ಕಾದ ಕಬ್ಬಿಣದ ಗುಂಡಿನಲ್ಲಿ ಹೊಗೆಯಿಲ್ಲ, ಬೆಂಕಿಯಿದೆ. ಈ ‘ಅಯೋಗೋಲಕ’ದ ಉದಾಹರಣೆಯನ್ನು ನಾವು ಎಷ್ಟು ತಂಡಗಳ ಹುಡುಗರಿಗೆ ಹೇಳಿಕೊಟ್ಟೆವೋ ಲೆಕ್ಕವಿಲ್ಲ. ಚಲನೆಯಿದ್ದಲ್ಲಿ ಮನುಷ್ಯನುಂಟೆಂದು ದೀಪವು ಹೇಳುತ್ತಿತ್ತು, ಅಷ್ಟೇ. ಮಿಕ್ಕದ್ದನ್ನು ಹೇಳಿಕೊಂಡವರು ನಾವು.

ನಾಲ್ಕೂವರೆಗೆ ನಮ್ಮ ಮನೆಯವರು ಎದ್ದು ಬಾಗಿಲನ್ನು ತೆರೆದರು. ಅವರ ಹೆಜ್ಜೆಗೆ ದೀಪವು ಹತ್ತಿತು. ಹೊಸಿಲಿನ ಹತ್ತಿರ, ಗೋಡೆಯ ಬುಡದಲ್ಲಿ, ಅಕ್ಕ ಬಿದ್ದಿದ್ದರು. ತೊಡೆಯ ಸಂಧಿಯ ಮೂಳೆ ಮುರಿದಿತ್ತು. ಪ್ರಜ್ಞೆಯಿತ್ತು, ಕೂಗಲು ಧ್ವನಿಯೇಳಲಿಲ್ಲವಂತೆ. ‘ದೀಪ ಬರಲಿ ಅಂತ ಕೈ ಆಡಿಸಿದೆ ಕಣೋ ಪುಟ್ಟ, ಬರಲಿಲ್ಲ’ ಎಂದರು. ಬರುವುದು ಹೇಗೆ? ಯಂತ್ರವಿದ್ದದ್ದು ಅದೇ ಗೋಡೆಯ ಮೇಲುಗಡೆ. ತನ್ನ ಬುಡವನ್ನು ಅದು ಕಾಣದು. ಎರಡೂವರೆ ಗಂಟೆಯ ಕಾಲ ಆ ಚಳಿಯಲ್ಲಿ, ಕತ್ತಲೆಯಲ್ಲಿ, ನಮ್ಮಿಂದ ಹದಿನೈದು ಅಡಿ ದೂರದಲ್ಲಿ ಅವರಿದ್ದರು. ನಾವು ನಿದ್ರೆ ಮಾಡುತ್ತಿದ್ದೆವು.

ಶಸ್ತ್ರಚಿಕಿತ್ಸೆಯಾಯಿತು. ಮೂರು ತಿಂಗಳ ತರುವಾಯ ನಡೆಗೋಲನ್ನು ಹಿಡಿದು ನಡೆದಾಡತೊಡಗಿದರು. ನಾವು ಒಂದೆರಡು ಸಲ ಆ ರಾತ್ರಿಯ ಮಾತನ್ನೆತ್ತಿ ಕ್ಷಮೆ ಕೇಳಹೋದೆವು. ಅವರು ‘ಹುರುಳಿಕಾಯಿ ಸೋಸಿಯಾಯಿತೇ?’ ಎಂದೇನೋ ಕೇಳಿ ಮಾತನ್ನು ತಿರುಗಿಸಿದರು.

ಮಗನು ಈಗ ಬೇರೊಂದು ಯಂತ್ರವನ್ನು ತಂದು ಮೇಲ್ಛಾವಣಿಗೆ ಹಾಕಿದ್ದಾನೆ. ಇದು ಬಿಸಿಯನ್ನು ನೋಡುವುದಿಲ್ಲ. ರೇಡಾರಿನ ಸಣ್ಣ ತಮ್ಮ. ಅತಿ ಸಣ್ಣ ರೇಡಿಯೋ ಅಲೆಗಳನ್ನು ತಾನೇ ಬಿಟ್ಟು, ಹಿಂದಿರುಗಿದ ಅಲೆಯಲ್ಲಿ ಆದ ವ್ಯತ್ಯಾಸವನ್ನು ಅಳೆಯುತ್ತದೆ. ಬರುವ ರೈಲಿನ ಕೂಗು ಏರಿ, ಹೋಗುವ ರೈಲಿನ ಕೂಗು ಇಳಿಯುವುದಲ್ಲವೆ, ಅದೇ ತತ್ತ್ವ. ಡಾಪ್ಲರನು 1842ರಲ್ಲಿ ಹೇಳಿದ್ದು. ಅದನ್ನು ಪರೀಕ್ಷಿಸಲು 1845ರಲ್ಲಿ ಹಾಲೆಂಡಿನಲ್ಲಿ ಕಹಳೆಯವರನ್ನು ರೈಲಿನಲ್ಲಿ ಕೂರಿಸಿ ಊದಿಸಿದ್ದರು. ಈ ಅಲೆಗಳು ಎಷ್ಟು ಸೂಕ್ಷ್ಮವೆಂದರೆ, ಅಲುಗದೆ ಮಲಗಿದವರ ಎದೆಯು ಉಸಿರಿಗೆ ಏರಿಳಿಯುವುದನ್ನೂ ಹಿಡಿಯುತ್ತವೆ. ಅಕ್ಕನಿಗೆ ಇದನ್ನು ವಿವರಿಸಿದಾಗ ಒಂದು ಕುರ್ಚಿಯನ್ನು ಅದರ ಕೆಳಗೆ ಹಾಕಿಸಿಕೊಂಡು, ಜಪಮಾಲೆಯನ್ನು ಹಿಡಿದು ಕಣ್ಮುಚ್ಚಿ ಕುಳಿತರು. ಹತ್ತು ನಿಮಿಷವಾದರೂ ದೀಪವು ಆರಲಿಲ್ಲ. ‘ಪರವಾಗಿಲ್ಲ’ ಎಂದು ಎದ್ದರು. ಆದರೂ ಗೋಡೆಯ ಬುಡದಲ್ಲಿ ರಾತ್ರಿಯಿಡೀ ಉರಿಯುವ ಒಂದು ಸಣ್ಣ ಬಲ್ಬನ್ನೂ, ಅವರ ಮಂಚದ ಬಳಿ ಒಂದು ಕರೆಗಂಟೆಯನ್ನೂ ನಾವು ಹಾಕಿಸಿದ್ದೇವೆ, ಹೊಸಿಲನ್ನು ತೆಗೆಯಿಸಿದ್ದೇವೆ.

ರಾತ್ರಿ ಎರಡು ಗಂಟೆಗೆ ನಮಗೆ ಈಗ ತಾನಾಗಿ ಎಚ್ಚರವಾಗುತ್ತದೆ. ಬಾಗಿಲಿನ ಸಂದಿಯನ್ನು ನೋಡುವುದಿಲ್ಲ. ಎದ್ದು ನಡುಮನೆಗೆ ಬಂದು, ಅಕ್ಕನ ಕೋಣೆಯ ಹೊರಗೆ ನಿಂತು ಮೆಲ್ಲನೆ ಒಮ್ಮೆ ಕೆಮ್ಮುತ್ತೇವೆ. ಒಳಗಿನಿಂದ ಉತ್ತರವು ಬರುತ್ತದೆ:

‘ಇದ್ದೀನಿ ಕಣೋ ಪುಟ್ಟ, ಹೋಗಿ ಮಲಗು.’